ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಮತ್ತೊಮ್ಮೆ ಬಂದರೆ: ನನ್ನ ಆಸೆ, ನನ್ನ ಭಯ (ಸ್ಪಾಯ್ಲರ್ ಇದೆ)

ಹಳೇಹಡಗು
ಶನಿವಾರ ರಾತ್ರಿ 10:42

ಮೊದಲೇ ಹೇಳಿಬಿಡುತ್ತೇನೆ, ಉದ್ದ ಇದೆ. ಕಾಫಿ ಮಾಡಿಕೊಂಡು ಬನ್ನಿ.

ಕಳೆದ ತಿಂಗಳು ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಪೂರ್ತಿ ಮತ್ತೆ ನೋಡಿದೆ. 2003ರ ಮಿನಿಸೀರೀಸ್‌ನಿಂದ ಹಿಡಿದು 2009ರ ಕೊನೇ ಕಂತಿನವರೆಗೆ. ಇದು ಐದನೇ ಸಲವಂತೆ. ಲೆಕ್ಕ ಇಟ್ಟಿರುವುದು ಹೆಂಡತಿ, ನಾನಲ್ಲ. ಮುಗಿದ ಮೇಲೆ ಪ್ರತೀ ಸಲದ ಹಾಗೆ, ಹೊಸದಾಗಿ ಮಾಡುವ ಸುದ್ದಿ ಏನಾದರೂ ಇದೆಯಾ ಎಂದು ಹುಡುಕಿದೆ.

ಹಿಂದಿನ ಕಥೆ ಗೊತ್ತಿಲ್ಲದವರಿಗೆ ಎರಡೇ ಮಾತು. 2019ರಲ್ಲಿ ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆ ಇದನ್ನು ಮತ್ತೆ ಮಾಡುತ್ತದೆ, ಸ್ಯಾಮ್ ಎಸ್ಮೇಲ್ ಹೊಣೆ ಹೊರುತ್ತಾರೆ ಎಂದು ಪ್ರಕಟವಾಯಿತು. ಬರೆಯುವವರು ಬಂದರು, ಹೋದರು. 2024ರಲ್ಲಿ ಪೀಕಾಕ್ ಕೈ ಬಿಟ್ಟಿತು. ಬೇರೆಯವರ ಬಾಗಿಲು ತಟ್ಟುತ್ತೇವೆ ಎಂದರು. ಸಿನಿಮಾದ್ದೂ ಅದೇ ಪಾಡು. ಸೈಮನ್ ಕಿನ್‌ಬರ್ಗ್ ಬರೆಯುತ್ತಾರೆ ಎಂದು 2020ರಲ್ಲಿ ಓದಿದ್ದು.

ಪೀಕಾಕ್ ಕೈ ಬಿಟ್ಟ ದಿನ ನನಗೆ ಬೇಜಾರಾಗಲಿಲ್ಲ. ಅಬ್ಬಾ, ಬಚಾವ್ ಅನ್ನಿಸಿತು. ಆಮೇಲೆ ನನ್ನ ಬಗ್ಗೆಯೇ ನಾಚಿಕೆ ಆಯಿತು. ಯಾಕೆಂದರೆ ನಾನು ಐದು ಸಲ ನೋಡಿದ್ದು ಕೂಡ ರೀಬೂಟೇ. 1978ರ ಧಾರಾವಾಹಿಯನ್ನು ರೊನಾಲ್ಡ್ ಮೂರ್ ಮತ್ತು ಡೇವಿಡ್ ಐಕ್ ಬಿಚ್ಚಿ ಮತ್ತೆ ಕಟ್ಟಿದ್ದು. ಆವತ್ತು ಹಳೇ ಅಭಿಮಾನಿಗಳು ನನ್ನ ಹಾಗೇ ಯೋಚಿಸಿ ಗೆದ್ದಿದ್ದರೆ ನನಗೆ ಇದು ಸಿಗುತ್ತಲೇ ಇರಲಿಲ್ಲ.

ಆದರೂ ಭಯ ಇದೆ. ಅದು ಯಾಕೆ ಎಂದು ಹೇಳಲು ಒಂದೇ ಒಂದು ವಸ್ತು ತೋರಿಸುತ್ತೇನೆ. ಒಂದು ವೈಟ್‌ಬೋರ್ಡ್.

ಸೈಲಾನ್ ಅಂದರೆ ಮನುಷ್ಯರೇ ಮಾಡಿದ ಯಂತ್ರಗಳು. ಅವು ತಿರುಗಿ ಬಿದ್ದು 12 ಗ್ರಹಗಳನ್ನು ಅಣುಬಾಂಬ್ ಹಾಕಿ ಸುಡುತ್ತವೆ. ಉಳಿಯುವವರು ಸುಮಾರು 50,000 ಜನ, ಒಂದಷ್ಟು ಹಡಗುಗಳಲ್ಲಿ. ಅಧ್ಯಕ್ಷೆ ಆಗುವುದು ಶಿಕ್ಷಣ ಇಲಾಖೆ ನೋಡಿಕೊಳ್ಳುತ್ತಿದ್ದ ಲಾರಾ ರೋಸ್ಲಿನ್. ಸಾಲಿನಲ್ಲಿ 43ನೆಯವರು. ಅವರ ಮೇಲಿನ 42 ಜನವೂ ಸತ್ತಿದ್ದಾರೆ. ಅವರ ಹಡಗಿನಲ್ಲಿ ಈ ಬೋರ್ಡ್ ಇದೆ. ಅದರ ಮೇಲೆ ಮಾರ್ಕರ್‌ನಲ್ಲಿ ಬರೆದ ಒಂದು ಸಂಖ್ಯೆ. ಬದುಕಿರುವ ಎಲ್ಲ ಮನುಷ್ಯರ ಸಂಖ್ಯೆ. ಯಾರಾದರೂ ಸತ್ತರೆ ರೋಸ್ಲಿನ್ ಎದ್ದು ಹೋಗಿ ಒರೆಸಿ ಮತ್ತೆ ಬರೆಯುತ್ತಾರೆ.

ಮೊದಲ ಸೀಸನ್‌ನ ಮೊದಲ ಕಂತಿನ ಹೆಸರು '33'. ಸೈಲಾನ್‌ಗಳು 33 ನಿಮಿಷಕ್ಕೊಮ್ಮೆ ಬೆನ್ನಟ್ಟಿ ಬರುತ್ತವೆ. ಬಂದ ಕೂಡಲೇ ಎಲ್ಲ ಹಡಗೂ ಜಂಪ್ ಮಾಡಿ, ಅಂದರೆ ಒಂದೇ ಕ್ಷಣದಲ್ಲಿ ದೂರದ ಜಾಗಕ್ಕೆ ಹಾರಿ, ತಪ್ಪಿಸಿಕೊಳ್ಳಬೇಕು. ಐದು ದಿನದಿಂದ ಯಾರೂ ಮಲಗಿಲ್ಲ. ಇದರಲ್ಲಿ ಯುದ್ಧ ಬಹಳ ಕಡಿಮೆ. ಗಡ್ಡ ಬೆಳೆದ ಮುಖ, ಕೆಂಪು ಕಣ್ಣು, ಗೋಡೆ ಗಡಿಯಾರ, ಅಷ್ಟೇ. ಕೊನೆಗೆ ಸಾವಿರಕ್ಕೂ ಹೆಚ್ಚು ಜನರಿದ್ದ ತಮ್ಮದೇ ಹಡಗೊಂದನ್ನು ಹೊಡೆದು ಉರುಳಿಸಬೇಕಾಗುತ್ತದೆ. ಅದು ಆದ ಮೇಲೆ ಬೋರ್ಡ್ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ನೋಡದವರು ಇಲ್ಲಿ ಇದ್ದಾರೆ. ಈ ಕಂತಿಗೆ 2005ರಲ್ಲಿ ಸೈನ್ಸ್ ಫಿಕ್ಷನ್‌ಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು ಎಂದಷ್ಟೇ ಹೇಳಿ ಬಿಡುತ್ತೇನೆ.

ನನ್ನ ಭಯ ಇಷ್ಟೇ. ಹೊಸದಾಗಿ ಮಾಡುವವರು ಹಡಗು ಇಟ್ಟುಕೊಳ್ಳುತ್ತಾರೆ. ಸೈಲಾನ್ ಮುಖದ ಮೇಲೆ ಅತ್ತಿಂದಿತ್ತ ಓಡಾಡುವ ಕೆಂಪು ಕಣ್ಣು ಇಟ್ಟುಕೊಳ್ಳುತ್ತಾರೆ. ಹಡಗಿನ ಕಮಾಂಡರ್ ಅಡಾಮ, ಪೈಲಟ್‌ಗಳಾದ ಸ್ಟಾರ್‌ಬಕ್, ಅಪೊಲೊ ಎಂಬ ಹೆಸರುಗಳನ್ನೂ ಇಟ್ಟುಕೊಳ್ಳುತ್ತಾರೆ. ಬೋರ್ಡ್ ಮರೆಯುತ್ತಾರೆ. ಅದು ದುಡ್ಡು ಖರ್ಚಾಗದ ವಸ್ತು, ಟ್ರೈಲರ್‌ನಲ್ಲಿ ಮಿಂಚುವಂಥದ್ದಲ್ಲ.

ಎರಡನೇ ಭಯ, ಈಗಿನ ಕಾಲದ ಅಳತೆ. ಎಂಟು ಕಂತು ಮಾಡುತ್ತಾರೆ, ಎರಡು ವರ್ಷ ಕಾಯಿಸುತ್ತಾರೆ, ಆಮೇಲೆ ನಿಲ್ಲಿಸಿಬಿಡುತ್ತಾರೆ. ಮೂರ್ ಅವರಿಗೆ ಒಂದೊಂದು ಸೀಸನ್‌ಗೆ 20 ಕಂತು ಇತ್ತು (ಮೊದಲನೆಯದಕ್ಕೆ 13). ಅದರಲ್ಲಿ ಕೆಟ್ಟವೂ ಇದ್ದವು. ಎರಡನೇ ಸೀಸನ್‌ನ ಕಾಳಸಂತೆ ಕಂತನ್ನು ಅವರೇ ಬೈದುಕೊಂಡಿದ್ದಾರೆ. ಆದರೆ ನೀರು ಮುಗಿದ ಕಂತು, ಇಂಧನ ಮುಗಿದ ಕಂತು, ಚುನಾವಣೆ ನಡೆಸಿದ ಕಂತು, ಇವಕ್ಕೆಲ್ಲ ಜಾಗ ಸಿಕ್ಕಿದ್ದು ಆ ಉದ್ದದಿಂದಲೇ ಅಲ್ವಾ? 50,000 ಜನ ಬದುಕುವುದು ಹೇಗೆ ಎಂಬುದೇ ಇದರ ಕಥೆ. ಯುದ್ಧ ಪಕ್ಕದ್ದು.

ಆಸೆಗಳನ್ನು ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮ ಮಾತು ಕೇಳೋಣ.


ಚಿಕ್ಕಪೇಟೆ ಸೈಲಾನ್
ಶನಿವಾರ ರಾತ್ರಿ 11:05

ಗುರೂ, ಬೋರ್ಡ್ ಸರಿ. ನನ್ನ ಮಟ್ಟಿಗೆ ಇದು ಸಿಸ್ಟಮ್ ಅಡ್ಮಿನ್‌ಗಳ ಧಾರಾವಾಹಿ.

ಗ್ಯಾಲಾಕ್ಟಿಕಾ ಯಾಕೆ ಉಳಿಯಿತು? ಅದು ಓಬೀರಾಯನ ಕಾಲದ ಹಡಗು, ಮ್ಯೂಸಿಯಂ ಆಗಲಿಕ್ಕೆ ಹೊರಟಿದ್ದು. ಅಡಾಮ ತನ್ನ ಹಡಗಿನಲ್ಲಿ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಲು ಬಿಡುವುದಿಲ್ಲ. ವೈರ್ ಇರುವ ಫೋನು, ಕಾಗದದ ಪ್ರಿಂಟ್‌ಔಟು. ಬೇರೆ ಎಲ್ಲ ಹೊಸ ಹಡಗುಗಳಲ್ಲೂ ವಿಜ್ಞಾನಿ ಬಾಲ್ಟರ್ ಮಾಡಿದ ನೇವಿಗೇಶನ್ ಪ್ರೋಗ್ರಾಂ ಇತ್ತು. ಆ ಪುಣ್ಯಾತ್ಮ ರಕ್ಷಣಾ ಇಲಾಖೆಯ ಮೇನ್‌ಫ್ರೇಮ್‌ಗೆ ಗರ್ಲ್‌ಫ್ರೆಂಡ್‌ಗೆ ಆಕ್ಸೆಸ್ ಕೊಟ್ಟಿದ್ದ. ಅವಳು ಮನುಷ್ಯರ ಹಾಗೇ ಕಾಣುವ ಸೈಲಾನ್. ಒಂದು ಬ್ಯಾಕ್‌ಡೋರ್, ಇಡೀ ಸೇನೆ ಆಫ್.

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಸೆಕ್ಯುರಿಟಿ ಟ್ರೈನಿಂಗ್ ಮಾಡುತ್ತಾರೆ. ಎರಡು ಗಂಟೆ ಸ್ಲೈಡು. ಅದರ ಬದಲು ಮಿನಿಸೀರೀಸ್ ಹಾಕಿ ಎಂದು ಬರೆದುಕೊಟ್ಟಿದ್ದೆ. ಉತ್ತರ ಬರಲಿಲ್ಲ.

ಎರಡನೇ ಸೀಸನ್ ಶುರುವಿನಲ್ಲಿ ದಾರಿ ತಪ್ಪಿದ ಹಡಗುಗಳನ್ನು ಹುಡುಕಲು ಹಡಗಿನ ಅಧಿಕಾರಿ ಗ್ಯಾಯೆಟಾ ಅನಿವಾರ್ಯವಾಗಿ ಕಂಪ್ಯೂಟರ್‌ಗಳನ್ನು ಜೋಡಿಸುತ್ತಾನೆ. ಲೆಕ್ಕ ಮುಗಿಯುವ ಮೊದಲೇ ಫೈರ್‌ವಾಲ್‌ಗಳು ಒಂದೊಂದಾಗಿ ಬೀಳುತ್ತವೆ. ಪರದೆ ಮೇಲೆ ಕಾಣುವುದು ಸುಮ್ನೆ ಕೆಲವು ಗೆರೆ, ಅಷ್ಟೇ. ಆದರೆ ಪ್ರೊಡಕ್ಷನ್ ಸರ್ವರ್ ಮುಂದೆ ರಾತ್ರಿ ಕಳೆದವರಿಗೆ ಅಂಗೈ ಬೆವರುತ್ತದೆ.

ನನ್ನ ಭಯ: ಈಗ ಮಾಡಿದರೆ ಸೈಲಾನ್ ಅಂದರೆ ಎಐ ಎಂದು ಪ್ರತೀ ಡೈಲಾಗಿನಲ್ಲೂ ಹೇಳಿಸುತ್ತಾರೆ. ಚಾಟ್‌ಬಾಟ್ ಮಾಡಿದ ಕಂಪನಿಯ ಮಾಲೀಕ ವಿಲನ್. ನೋಡುವ ಮೊದಲೇ ಗೊತ್ತು.


ಧಾರವಾಡದಾಂವ
ಶನಿವಾರ ರಾತ್ರಿ 11:31

ನಾನು ಬೇರೆ ಮಾತು ಹೇಳ್ತೀನ್ರೀ. ರೀಬೂಟ್ ಬರಲೇಬೇಕು. ಯಾಕಂದ್ರೆ 2009ರ ಕೊನೆ ಅಷ್ಟು ಕೆಟ್ಟದಾಗಿತ್ತು.

ಪ್ರತೀ ವಾರ ಟೈಟಲ್‌ನಲ್ಲಿ ಸೈಲಾನ್‌ಗಳ ಬಗ್ಗೆ ಹೇಳಿ, ಕೊನೆಗೆ 'ಅವರ ಹತ್ತಿರ ಒಂದು ಪ್ಲಾನ್ ಇದೆ' ಎಂದು ಹಾಕುತ್ತಿದ್ದರು. ಪ್ಲಾನ್ ಎಲ್ಲಿತ್ತು? ಬರೆಯುವವರ ಹತ್ತಿರವೇ ಇರಲಿಲ್ಲ. ಮೂರ್ ಅವರೇ ಮುಂದೆ ಒಪ್ಪಿಕೊಂಡರು. ಮನುಷ್ಯರ ಹಾಗೆ ಕಾಣುವ ಹನ್ನೆರಡು ಸೈಲಾನ್‌ಗಳಲ್ಲಿ ಗುಟ್ಟಾಗಿಟ್ಟಿದ್ದ ಉಳಿದ ಐದು ಯಾರು ಎನ್ನುವುದನ್ನು ಮೂರನೇ ಸೀಸನ್ ಬರೆಯುವಾಗ ಕೂತು ಆರಿಸಿದರು. ನಾವು ಮಾತ್ರ ಮೊದಲ ದಿನದಿಂದ ಸುಳಿವು ಹುಡುಕುತ್ತಾ ಕೂತಿದ್ದೆವು, ಹುಚ್ಚರ ಹಾಗೆ.

ಕೊನೇ ಕಂತಿನಲ್ಲಿ 38,000 ಜನ ತಮ್ಮ ಹಡಗುಗಳನ್ನೆಲ್ಲ ಸೂರ್ಯನ ಕಡೆ ಕಳಿಸಿ, ಔಷಧಿ, ಕರೆಂಟು ಎಲ್ಲ ಬಿಟ್ಟು ಹುಲ್ಲುಗಾವಲಿಗೆ ನಡೆದುಕೊಂಡು ಹೋಗುತ್ತಾರೆ. ಎಲ್ಲರೂ ಒಪ್ಪಿ! ನಾಲ್ಕು ವರ್ಷ ನೀರಿಗೆ, ಇಂಧನಕ್ಕೆ, ಸಿಗರೇಟಿಗೆ ಜಗಳ ಆಡಿದ ಜನ. ನಮ್ಮ ಓಣಿಯಲ್ಲಿ ಗಟಾರ ಯಾವ ಕಡೆ ಹೋಗಬೇಕು ಎನ್ನುವುದಕ್ಕೆ ಮೂರು ವರ್ಷದಿಂದ ಮೀಟಿಂಗ್ ನಡೆದಿದೆ. ಸ್ಟಾರ್‌ಬಕ್ ಅಂತೂ ಮಾತಾಡುತ್ತಾ ಮಾತಾಡುತ್ತಾ ಮಾಯ. ಅವಳು ಏನು, ದೇವತೆನಾ, ದೆವ್ವನಾ, ಇವತ್ತಿಗೂ ಉತ್ತರ ಇಲ್ಲ.

ಹೊಸದಾಗಿ ಮಾಡುವವರು ಮೊದಲು ಕೊನೆ ಬರೆದುಕೊಳ್ಳಲಿ. ನನ್ನ ಆಸೆ ಅಷ್ಟೇ.


ಮಾಂಟ್ರಿಯಲ್ ಮಾವ
ಭಾನುವಾರ ಬೆಳಿಗ್ಗೆ 6:20

ಹಳೇಹಡಗು ಅವರೇ, ನೀವು ಹೇಳಿದ 'ಹಳೇ ಅಭಿಮಾನಿ' ನಾನೇ. 2003ರಲ್ಲಿ ವಿರೋಧಿಸಿದವರಲ್ಲಿ ಒಬ್ಬ. ತಪ್ಪೊಪ್ಪಿಗೆ ಕೊಡಲು ಬಂದಿದ್ದೇನೆ.

1978ರಲ್ಲಿ ನಾನು ಮಾಂಟ್ರಿಯಲ್‌ನಲ್ಲಿ ಓದುತ್ತಿದ್ದೆ. ಗಡಿ ಹತ್ತಿರ ಇದ್ದದ್ದರಿಂದ ಅಮೆರಿಕದ ಚಾನೆಲ್ ಬರುತ್ತಿತ್ತು. ಸೆಪ್ಟೆಂಬರ್ 17, ಭಾನುವಾರ ರಾತ್ರಿ, ಎಬಿಸಿಯಲ್ಲಿ ಮೊದಲ ಪ್ರಸಾರ. ನಾಲ್ಕು ಜನ ರೂಮಿನಲ್ಲಿ, ಒಂದು ಚಿಕ್ಕ ಟಿವಿ, ಕುಕ್ಕರಿನಲ್ಲಿ ಚಿತ್ರಾನ್ನಕ್ಕೆ ಇಟ್ಟ ಅನ್ನ. ಕಥೆ ಶುರುವಾಗುವುದು ಹೀಗೆ: ಸೈಲಾನ್‌ಗಳು ಸಂಧಿಗೆ ಬಂದಿದ್ದಾರೆ, ಸಾವಿರ ವರ್ಷದ ಯುದ್ಧ ಮುಗಿಯಿತು ಎಂದು ಮನುಷ್ಯರು ಸಂಭ್ರಮಿಸುತ್ತಿದ್ದಾರೆ. ಅದು ಮೋಸ. ಸಂಧಿಯ ಹೆಸರಿನಲ್ಲಿ ಬಂದು ಎಲ್ಲರನ್ನೂ ಮುಗಿಸುತ್ತಾರೆ.

ಆವತ್ತೇ ಮಧ್ಯದಲ್ಲಿ ಪ್ರಸಾರ ನಿಂತಿತು. ವಾಷಿಂಗ್ಟನ್‌ನಿಂದ ನೇರ ಪ್ರಸಾರ. ಅಮೆರಿಕದ ಕಾರ್ಟರ್, ಈಜಿಪ್ಟಿನ ಸಾದಾತ್, ಇಸ್ರೇಲಿನ ಬೆಗಿನ್ ಮೂವರೂ ಕೂತು ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಸಹಿ ಹಾಕಿದರು. ಸಂಧಿಯನ್ನು ನಂಬಬೇಡಿ ಎನ್ನುವ ಕಥೆಯ ನಡುವೆ ನಿಜವಾದ ಸಂಧಿ! ನಮ್ಮಲ್ಲಿ ಒಬ್ಬ 'ಇದೂ ಸೈಲಾನ್ ಕೆಲಸ' ಅಂದ. ನಕ್ಕೆವು. ಅನ್ನ ಸೀದುಹೋಗಿತ್ತು.

ಅದು ಒಳ್ಳೆಯ ಧಾರಾವಾಹಿನಾ ಎಂದರೆ, ಈಗ ನೋಡಿದರೆ ಅಲ್ಲ. ಒಂದೇ ದೃಶ್ಯದ ವಿಮಾನ ಹತ್ತು ಸಲ ಹಾರುತ್ತದೆ. ಒಂದು ರೋಬೋಟ್ ನಾಯಿ ಇತ್ತು, ಆ ವೇಷದೊಳಗೆ ಇದ್ದದ್ದು ಚಿಂಪಾಂಜಿ. ಒಂದೇ ಸೀಸನ್‌ಗೆ ನಿಲ್ಲಿಸಿದರು. ಆಮೇಲೆ 1980ರಲ್ಲಿ ಅಗ್ಗದ ಮುಂದುವರಿಕೆ ಒಂದು ಬಂತು, ಹಾರುವ ಮೋಟಾರ್ ಸೈಕಲ್ ಇದ್ದದ್ದು. ಅದರ ಬಗ್ಗೆ ಮಾತು ಬೇಡ. ಆದರೂ 25 ವರ್ಷ ನಾನು ಆ ಹಡಗಿಗಾಗಿ ಕಾದೆ.

ನನಗಿಂತ ಜಾಸ್ತಿ ಕಾದವರು ರಿಚರ್ಡ್ ಹ್ಯಾಚ್. ಹಳೆಯದರಲ್ಲಿ ಅಪೊಲೊ ಆಗಿದ್ದವರು. ಮುಂದುವರಿದ ಕಥೆ ಮಾಡಬೇಕು ಎಂದು ಸ್ವಂತ ದುಡ್ಡು ಹಾಕಿ 1999ರಲ್ಲಿ ಒಂದು ಟ್ರೈಲರ್ ಮಾಡಿ ಊರೂರು ತೋರಿಸಿದರು. ಯಾರೂ ದುಡ್ಡು ಹಾಕಲಿಲ್ಲ. ಮೂರ್ ಮಾಡುತ್ತಿದ್ದಾರೆ, ಹಳೇ ಕಥೆ ಮುಂದುವರಿಸುವುದಿಲ್ಲ ಎಂದಾಗ ಅವರು ಬಹಿರಂಗವಾಗಿಯೇ ವಿರೋಧಿಸಿದರು. ಸ್ಟಾರ್‌ಬಕ್ ಹೆಣ್ಣು ಎಂದು ಗೊತ್ತಾದಾಗ ಹಳೇ ಸ್ಟಾರ್‌ಬಕ್ ಡರ್ಕ್ ಬೆನೆಡಿಕ್ಟ್ ಸಿಟ್ಟಿನಿಂದ ಲೇಖನವನ್ನೇ ಬರೆದರು. ನಾನೂ ನನ್ನ ಮಟ್ಟಿಗೆ ಉದ್ದುದ್ದ ಈಮೇಲ್ ಬರೆದವನೇ. ಅದರಲ್ಲಿ ಹೆಂಗಸರ ಬಗ್ಗೆ ಬರೆದದ್ದನ್ನು ಈಗ ನನ್ನ ಮೊಮ್ಮಗಳು ಓದಿದರೆ ಮನೆಗೆ ಸೇರಿಸುವುದಿಲ್ಲ.

ಹ್ಯಾಚ್ ಏನು ಮಾಡಿದರು ಗೊತ್ತಾ? ಕರೆದಾಗ ಹೋದರು. ಟಾಮ್ ಜಾರೆಕ್ ಎಂಬ ಕೈದಿಯ ಪಾತ್ರ. ಮೊದಲ ಸೀಸನ್‌ನಲ್ಲಿ ಸೆರೆಮನೆ ಹಡಗಿನೊಳಗೆ ಹಳೇ ಅಪೊಲೊ ಮತ್ತು ಹೊಸ ಅಪೊಲೊ ಎದುರು ಬದುರು ನಿಲ್ಲುತ್ತಾರೆ. ಹ್ಯಾಚ್ ಆ ಹುಡುಗನನ್ನು ಅಪೊಲೊ ಎಂಬ ಹೆಸರಿನ ಬಗ್ಗೆಯೇ ಕೆಣಕುತ್ತಾರೆ. ಅವರ ಮುಖ ನೋಡಬೇಕು. ಅಲ್ಲಿಗೆ ನನ್ನ ಸಿಟ್ಟು ಮುಗಿಯಿತು. 2017ರಲ್ಲಿ ಅವರು ತೀರಿಕೊಂಡಾಗ ಆ ಒಂದು ದೃಶ್ಯ ಹಾಕಿಕೊಂಡು ನೋಡಿದೆ.


ಹಳೇಹಡಗು
ಭಾನುವಾರ ಬೆಳಿಗ್ಗೆ 8:15

ಮಾವಾ, ಕ್ಯಾಂಪ್ ಡೇವಿಡ್ ವಿಷಯ ಓದಿದ್ದೆ. ಆವತ್ತು ಟಿವಿ ಮುಂದೆ ಕೂತಿದ್ದವರನ್ನು ಮಾತಾಡಿಸಿರಲಿಲ್ಲ. ನಮಸ್ಕಾರ.

ಧಾರವಾಡದವರೇ, ಪ್ಲಾನ್ ಬಗ್ಗೆ ನೀವು ಹೇಳಿದ್ದು ನಿಜ. ಕೊನೆ ಬಗ್ಗೆ ಅರ್ಧ ಒಪ್ಪುತ್ತೇನೆ. ಹಡಗು ಬಿಟ್ಟು ನಡೆದುಹೋದದ್ದು ನನಗೂ ನುಂಗಲು ಆಗಲಿಲ್ಲ. ಸ್ಟಾರ್‌ಬಕ್ ಮಾಯವಾದದ್ದು ಇಷ್ಟ. ಎಲ್ಲಕ್ಕೂ ಉತ್ತರ ಬೇಕು ಎನ್ನುವ ಹಟ ಬಿಟ್ಟ ಮೇಲೆ ಇಷ್ಟ ಆಯಿತು. ಅದಕ್ಕೆ ಮೂರು ಸಲ ನೋಡಬೇಕಾಯಿತು, ಅದು ಬೇರೆ ಮಾತು.

ಈಗ ಆಸೆ. ದೇವರ ವಿಷಯ ಬಿಡಬಾರದು.

ಇದರಲ್ಲಿ ಮನುಷ್ಯರಿಗೆ ಹಲವು ದೇವರು. ಬೇಜಾರಾದರೂ ಸಿಟ್ಟು ಬಂದರೂ ದೇವರುಗಳನ್ನು ಕರೆಯುತ್ತಾರೆ, ಬಹುವಚನದಲ್ಲಿ. ಪೈಲಟ್ ಒಬ್ಬಳು ಚಿಕ್ಕ ವಿಗ್ರಹಗಳನ್ನು ತೆಗೆದು ಇಟ್ಟುಕೊಂಡು ಪ್ರಾರ್ಥನೆ ಮಾಡುತ್ತಾಳೆ. ಯಂತ್ರಗಳಿಗೆ ಒಬ್ಬನೇ ದೇವರು, ಅವನ ಹೆಸರಲ್ಲೇ ಅವು ಕೊಲ್ಲುತ್ತವೆ. ಅಮೆರಿಕದ ಪ್ರೇಕ್ಷಕರಿಗೆ ಇದು ತಲೆಕೆಳಗು ಮಾಡಿದ ಹಾಗೆ. ತಮ್ಮ ಹಾಗೆ ನಂಬುವವರು ಕೊಲೆಗಡುಕರು, ತಾವು ಹಿಂದೆ ಬಿಟ್ಟದ್ದನ್ನು ನಂಬುವವರು ಸಂತ್ರಸ್ತರು. ನನಗೆ ಮೊದಲ ಸಲ ನೋಡುವಾಗ ಅದು ಹೊಳೆಯಲೇ ಇಲ್ಲ. ವಿಗ್ರಹ ಇಟ್ಟುಕೊಂಡ ಪೈಲಟ್‌ನಲ್ಲಿ ವಿಚಿತ್ರ ಏನಿದೆ? ನಮ್ಮ ಬಸ್ ಡ್ರೈವರ್ ಕೂಡ ಇಟ್ಟುಕೊಂಡಿರುತ್ತಾರೆ.

ಇನ್ನೊಂದು, ವೀಕ್ಷಕರನ್ನು ತಪ್ಪು ಕಡೆ ನಿಲ್ಲಿಸುವ ಧೈರ್ಯ. 2002ರಲ್ಲಿ ಹಳೇ ಕಂತು ಮತ್ತೆ ನೋಡಿದಾಗ ಮೂರ್ ಅವರಿಗೆ ಸೆಪ್ಟೆಂಬರ್ 11 ನೆನಪಾಯಿತಂತೆ. ಹಾಗಾಗಿ ಮೊದಲು ಅಮೆರಿಕವೇ ಪೆಟ್ಟು ತಿಂದ ಹಾಗೆ ಕಾಣುತ್ತದೆ. ಹಡಗಿನ ಕಾರಿಡಾರ್ ಗೋಡೆ ತುಂಬಾ ಸತ್ತವರ ಫೋಟೋ, ಮೇಣದ ಬತ್ತಿ. ಆಮೇಲೆ 2006ರಲ್ಲಿ ಮೂರನೇ ಸೀಸನ್. ಸೈಲಾನ್‌ಗಳು ಮನುಷ್ಯರ ಊರನ್ನು ಆಕ್ರಮಿಸಿಕೊಂಡಿವೆ. ನಮ್ಮ ಕರ್ನಲ್ ಟೈ, ನಾವು ಇಷ್ಟಪಟ್ಟ ಕುಡುಕ ಮುದುಕ, ಆತ್ಮಹತ್ಯಾ ಬಾಂಬರ್‌ಗಳನ್ನು ಕಳಿಸುತ್ತಾನೆ. ಇರಾಕ್ ಯುದ್ಧ ನಡೆಯುತ್ತಿದ್ದಾಗ ಅಮೆರಿಕದ ಟಿವಿಯಲ್ಲಿ! 2009ರಲ್ಲಿ ವಿಶ್ವಸಂಸ್ಥೆಯೇ ಈ ಧಾರಾವಾಹಿಯವರನ್ನು ಕರೆಸಿ ಚರ್ಚೆ ಇಟ್ಟಿದ್ದು ಸುಮ್ನೆ ಅಲ್ಲ.

ಸೈಲಾನ್ ಎಂದರೆ ಎಐ ಎಂದು ಮಾತ್ರ ಮಾಡಿದರೆ ಇದು ಯಾವುದೂ ಇರುವುದಿಲ್ಲ. ಯಾರನ್ನು ಮನುಷ್ಯ ಎಂದು ಎಣಿಸುತ್ತೀರಿ ಎನ್ನುವ ಪ್ರಶ್ನೆ ಅದು. ನೋಡಿ, ಮತ್ತೆ ಬೋರ್ಡಿಗೇ ಬಂದೆ.


ಸಂಗೀತಪ್ರಿಯೆ
ಭಾನುವಾರ ಬೆಳಿಗ್ಗೆ 9:50

ಯಾರೂ ಇನ್ನೂ ಟೈಟಲ್ ಹಾಡಿನ ಬಗ್ಗೆ ಹೇಳಲಿಲ್ಲವಲ್ಲ?

ನೋಡದವರಿಗೆ: ಟೈಟಲ್ ಶುರುವಾಗುವುದೇ ಗಾಯತ್ರಿ ಮಂತ್ರದಿಂದ. ರಿಚರ್ಡ್ ಗಿಬ್ಸ್ ಅವರ ಸಂಗೀತ. ಹೆಣ್ಣು ದನಿ, ತುಂಬಾ ನಿಧಾನ. ಆಮೇಲೆ ಧಡಧಡ ಡೋಲು, ಜೊತೆಗೆ ಆವತ್ತಿನ ಕಂತಿನ ದೃಶ್ಯಗಳು ಚಕಚಕ ಹೋಗುತ್ತವೆ. ಯಾರು ಸಾಯುತ್ತಾರೆ ಎಂದು ಅಲ್ಲೇ ಗೊತ್ತಾಗುವಷ್ಟು. ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ.

ಮೊದಲ ಸಲ ಹಾಕಿದಾಗ ಅಮ್ಮ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದರು. ಮಂತ್ರ ಕೇಳಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. 'ಯಾರೇ ಹೇಳ್ತಿರೋದು? ಚೆನ್ನಾಗಿದೆ' ಅಂದರು. ಅಷ್ಟರಲ್ಲಿ ಪರದೆ ಮೇಲೆ ಅಣುಬಾಂಬ್. ಒಂದು ನಿಮಿಷ ನಿಂತು ನೋಡಿದರು. 'ಸ್ವರ ಹಾಕಿರೋದು ತಪ್ಪು' ಎಂದು ಒಳಗೆ ಹೋದರು. ಬಾಂಬಿನ ಬಗ್ಗೆ ಏನೂ ಹೇಳಲಿಲ್ಲ. ದೋಸೆ ಮಾತ್ರ ಕಪ್ಪಾಗಿತ್ತು.

ಮಂತ್ರವನ್ನು ಹೀಗೆ ಬಳಸುವುದು ಸರಿನಾ ಎಂದು ಆಗಲೂ ಕೇಳಿದವರಿದ್ದರು, ಈಗಲೂ ಕೇಳುತ್ತಾರೆ. ಅರ್ಥ ತಿಳಿಯದೆ ಚೆಂದಕ್ಕೆ ಹಾಕಿದ್ದು ಎಂದರೆ ನನಗೆ ವಾದ ಇಲ್ಲ. ನಮ್ಮ ಬುದ್ಧಿಯನ್ನು ಪ್ರೇರೇಪಿಸು ಎಂದು ಬೇಡುವ ಮಂತ್ರ, ಬುದ್ಧಿ ಕೆಟ್ಟು ಲೋಕ ಸುಟ್ಟುಕೊಂಡವರ ಕಥೆಗೆ. ಗೊತ್ತಿದ್ದು ಮಾಡಿದರೋ, ಆಕಸ್ಮಿಕವೋ, ಕೂತುಕೊಂಡುಬಿಟ್ಟಿದೆ.

ಸಂಗೀತವನ್ನು ಮುಂದೆ ಬೇರ್ ಮೆಕ್ರೀರಿ ನಡೆಸಿಕೊಂಡು ಹೋದರು. ಜಪಾನಿನ ಟೈಕೊ ಡೋಲು, ಅರ್ಮೇನಿಯಾದ ದುಡುಕ್ ಎಂಬ ಊದುವ ವಾದ್ಯ. ಬಾಹ್ಯಾಕಾಶದ ಕಥೆ ಎಂದರೆ ತುತ್ತೂರಿ ಮೊಳಗಬೇಕು ಎನ್ನುವ ರೂಢಿ ಮುರಿದದ್ದು ಇವರು. ಹೊಸಬರು ಇದನ್ನೇ ನಕಲು ಮಾಡುವುದು ಬೇಡ. ಹಾಗಂತ ಮತ್ತೆ ತುತ್ತೂರಿಗೆ ಹೋದರೆ ನಾನಂತೂ ನೋಡುವುದಿಲ್ಲ.


ಮಲೆನಾಡ ಹುಡುಗಿ
ಭಾನುವಾರ ಬೆಳಿಗ್ಗೆ 11:12

ನಾನು ಇದನ್ನು ನೋಡಿಯೇ ಇಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಸ್ಪಾಯ್ಲರ್ ಅಂತ ಬರೆದಿದ್ದರೂ ಓದಿದೆ, ತಪ್ಪು ನನ್ನದೇ. ಒಂದು ಪ್ರಶ್ನೆ ಕೇಳಬಹುದಾ?

ನಮ್ಮೂರು ಸಾಗರದ ಕಡೆ. ಪ್ರತೀ ವರ್ಷ ಮೇಳ ಬರುತ್ತದೆ, ಗದಾಯುದ್ಧ ಪ್ರಸಂಗ ಆಡುತ್ತಾರೆ. ಕೌರವ ಕೊನೆಗೆ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಆದರೂ ಅಜ್ಜ 'ಈ ಸಲ ಕೌರವ ಯಾರದ್ದು?' ಎಂದು ಕೇಳಿಕೊಂಡೇ ಹೊರಡುತ್ತಿದ್ದರು. ಚೆನ್ನಾಗಿಲ್ಲದಿದ್ದರೆ ಬೈದುಕೊಂಡು ಬರುತ್ತಿದ್ದರು. ಹಳೆಯ ಕೌರವನಿಗೆ ಏನೋ ಆಗಿಹೋಗುತ್ತದೆ ಎಂದು ಹೆದರಿದ್ದು ಮಾತ್ರ ನೋಡಿಲ್ಲ. ನೀವೆಲ್ಲ ಇಷ್ಟು ಹೆದರುವುದು ಯಾಕೆ? ಹೊಸದು ಕೆಟ್ಟದಾದರೆ ಹಳೆಯದು ಅಳಿಸಿಹೋಗುತ್ತಾ?


ಚಿಕ್ಕಪೇಟೆ ಸೈಲಾನ್
ಭಾನುವಾರ ಬೆಳಿಗ್ಗೆ 11:20

ಒಳ್ಳೆ ಪ್ರಶ್ನೆ. ಆದರೆ ಯಕ್ಷಗಾನ ಬೆಳಗಾದರೆ ಮುಗಿಯುತ್ತೆ ತಂಗೀ. ಇವರು ಕೌರವ ಸರೋವರಕ್ಕೆ ಇಳಿದ ಕೂಡಲೇ ಸೀಸನ್ ನಿಲ್ಲಿಸಿ ಮುಂದಿನ ವರ್ಷ ಅನ್ನುತ್ತಾರೆ. ಆಮೇಲೆ ಮೇಳವನ್ನೇ ಮುಚ್ಚಿಬಿಡುತ್ತಾರೆ. ಅವನು ನೀರೊಳಗೇ.


ಧಾರವಾಡದಾಂವ
ಭಾನುವಾರ ಬೆಳಿಗ್ಗೆ 11:24

ನೀರೊಳಗಿರ್ದುಂ ಬೆಮರ್ತನ್. ಪಾಪ, ಬೆವರಿ ಬೆವರಿ ಸಾಕಾಗಿರ್ತದ.


ಮಾಂಟ್ರಿಯಲ್ ಮಾವ
ಭಾನುವಾರ ಮಧ್ಯಾಹ್ನ 12:40

ಹುಡುಗಿ ಕೇಳಿದ್ದಕ್ಕೆ ನನ್ನ ಉತ್ತರ. ಅಳಿಸಿಹೋಗುವುದಿಲ್ಲಮ್ಮ. ಆದರೆ ಕಿರಿಯರು ಆ ಹೆಸರು ಕೇಳಿದಾಗ ಅವರಿಗೆ ನೆನಪಾಗುವುದು ಬೇರೆ ಹಡಗು. ನನಗೆ ಆದದ್ದು ಅದೇ. ನಾನು ಸ್ಟಾರ್‌ಬಕ್ ಎಂದರೆ ಎಲ್ಲರೂ ಕೇಟಿ ಸ್ಯಾಕಾಫ್ ಅವರನ್ನು ನೆನೆಯುತ್ತಾರೆ. ಅವರು ತುಂಬಾ ಚೆನ್ನಾಗಿ ಮಾಡಿದ್ದಾರೆ, ಬಾಯಲ್ಲಿ ಆ ಸಿಗಾರ್ ಕೂಡ ಉಳಿಸಿಕೊಂಡರು. ಆದರೂ ನನ್ನ ಮಾತು ಅವರಿಗೆ ತಲುಪುವುದಿಲ್ಲ. ಅದು ದೊಡ್ಡ ದುಃಖ ಅಲ್ಲ. ಊರಿನ ಹಳೇ ಹೋಟೆಲ್ ಅದೇ ಹೆಸರಲ್ಲಿ ಬೇರೆಯವರು ನಡೆಸಿದ ಹಾಗೆ. ಕಾಫಿ ಮೊದಲಿಗಿಂತ ಚೆನ್ನಾಗಿರಬಹುದು. ಗಲ್ಲಾದಲ್ಲಿ ಕೂತವರಿಗೆ ನನ್ನ ಗುರುತು ಇರುವುದಿಲ್ಲ.

ನನ್ನದೂ ಒಂದು ಆಸೆ ಇದೆ. 1978ರದ್ದರಲ್ಲಿ ನಗು ಇತ್ತು. ಮಕ್ಕಳು ಇದ್ದರು. ಲೋಕವೇ ಹೋಗಿದ್ದರೂ ಆ ಜನ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಮೂರ್ ಅವರದ್ದರಲ್ಲಿ ಯಾರಾದರೂ ನಕ್ಕರೆ ಮುಂದಿನ ದೃಶ್ಯದಲ್ಲಿ ಅವರು ಸಾಯುತ್ತಾರೆ ಎಂದು ಅರ್ಥ. ಮೂರನೆಯವರು ಬಂದರೆ ಸ್ವಲ್ಪ ನಗು ವಾಪಸ್ ತರಲಿ. ಚಿಂಪಾಂಜಿ ಬೇಡ.


ಹಳೇಹಡಗು
ಭಾನುವಾರ ಮಧ್ಯಾಹ್ನ 2:30

ಮಾವಾ, ಹೋಟೆಲ್ ಮಾತು ಮನಸ್ಸಿಗೆ ನಾಟಿತು. ನನ್ನ ಭಯದ ಅರ್ಧ ಭಾಗ ಬರೀ ಗಲ್ಲಾ ವಿಷಯ ಎಂದು ಈಗ ಅನ್ನಿಸುತ್ತಿದೆ.

ಇನ್ನರ್ಧ ಹಾಗಲ್ಲ. ಮೂರ್ ಮತ್ತು ಹಳೇ ಧಾರಾವಾಹಿ ನಡುವೆ 25 ವರ್ಷ ಇತ್ತು, ಸರಿ. ಆದರೆ ಮುಖ್ಯ ಅದಲ್ಲ. ಮೂರ್ ಸ್ಟಾರ್ ಟ್ರೆಕ್‌ನಲ್ಲಿ ವರ್ಷಗಟ್ಟಲೆ ಬರೆದು, ಅಲ್ಲಿ ಮಾಡಲಾಗದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದರು. ಆ ಕಥೆಗಳಲ್ಲಿ ಹಡಗಿಗೆ ಪೆಟ್ಟು ಬಿದ್ದರೆ ಮುಂದಿನ ವಾರ ಹೊಸದರ ಹಾಗೆ ಇರುತ್ತಿತ್ತು. ಇಲ್ಲಿ ಬಿರುಕು ಬಿಟ್ಟರೆ ಬಿರುಕು ಉಳಿಯುತ್ತದೆ. ನಾಲ್ಕನೇ ಸೀಸನ್‌ನಲ್ಲಿ ಇಡೀ ಹಡಗಿನ ಬೆನ್ನುಮೂಳೆ ಮುರಿಯುವ ತನಕ. ಅವರಿಗೆ ಹೇಳಲು ಏನೋ ಇತ್ತು, ಸಿಕ್ಕಿದ್ದು ಈ ಹಡಗು. ಈಗಿನವರಿಗೆ ಹಡಗು ಮೊದಲು ಸಿಕ್ಕಿರುತ್ತದೆ, ಹೇಳುವುದನ್ನು ಆಮೇಲೆ ಹುಡುಕುತ್ತಾರೆ. ಅದಕ್ಕೇ ಬರೆಯುವವರು ಬದಲಾಗುತ್ತಲೇ ಇದ್ದರು ಎಂದು ನನ್ನ ಅನುಮಾನ. ಅನುಮಾನ ಅಷ್ಟೇ.

ಒಂದು ತಮಾಷೆ ಹೇಳಿ ಹೋಗುತ್ತೇನೆ. ಇವರ ಲೋಕದಲ್ಲಿ ಎಲ್ಲ ಕಾಗದಕ್ಕೂ ಮೂಲೆ ಕತ್ತರಿಸಿರುತ್ತದೆ. ಪುಸ್ತಕ, ಫೈಲು, ಫೋಟೋ, ಎಲ್ಲವೂ ಎಂಟು ಮೂಲೆ. ಕಾರಣ ಯಾರೂ ಹೇಳುವುದಿಲ್ಲ. ನನ್ನ ಮದುವೆ ಕಾಗದ ಹಾಗೇ ಮಾಡಿಸಬೇಕು ಎಂದು ಪ್ರೆಸ್‌ನವರಿಗೆ ಹೇಳಿ ಒಂದು ಸ್ಯಾಂಪಲ್ ಮಾಡಿಸಿ ತಂದೆ. ಅಮ್ಮ ತಟ್ಟೆಯಲ್ಲಿ ಅರಿಶಿನ ಕಲಸಿಕೊಂಡು ಕೂತಿದ್ದರು. ತಿರುಗಿಸಿ ತಿರುಗಿಸಿ ನೋಡಿದರು. 'ನಾಲ್ಕು ಮೂಲೆಗೆ ಅರಿಶಿನ ಹಚ್ಚಬೇಕು ಕಣೋ. ಇದರಲ್ಲಿ ಯಾವ ನಾಲ್ಕು?' ಅಂದರು. ಕೊನೆಗೆ ಚೌಕಾಕಾರದ್ದೇ ಮಾಡಿಸಿದೆವು. ಆ ಸ್ಯಾಂಪಲ್ ಇನ್ನೂ ಬೀರುವಿನಲ್ಲಿದೆ. ಎಂಟೂ ಮೂಲೆಗೆ ಅರಿಶಿನ ಇದೆ. ಹಚ್ಚಿದ್ದು ಹೆಂಡತಿ, ಮದುವೆಯಾದ ಮೇಲೆ.


ನಿರ್ವಾಹಕ
ಭಾನುವಾರ ಮಧ್ಯಾಹ್ನ 3:05

ಖಾಸಗಿ ಸಂದೇಶದಲ್ಲಿ ಎಲ್ಲಿ ಡೌನ್‌ಲೋಡ್ ಸಿಗುತ್ತದೆ ಎಂದು ಕೇಳುತ್ತಿರುವವರೇ, ಅದನ್ನು ಇಲ್ಲಿ ಹಾಕುವುದಿಲ್ಲ. ಚರ್ಚೆ ಮುಂದುವರಿಯಲಿ.


ಮಲೆನಾಡ ಹುಡುಗಿ
ಭಾನುವಾರ ರಾತ್ರಿ 11:48

ಮಧ್ಯಾಹ್ನದಿಂದ ಮಿನಿಸೀರೀಸ್ ಎರಡೂ ಭಾಗ ನೋಡಿದೆ. ಸತ್ತವರ ಸಂಸ್ಕಾರದಲ್ಲಿ ಅಡಾಮ 'ಸೋ ಸೇ ವಿ ಆಲ್' (ನಮ್ಮೆಲ್ಲರ ಮಾತೂ ಇದೇ) ಎಂದು ಮತ್ತೆ ಮತ್ತೆ ಹೇಳಿಸುವುದು ಇದೆಯಲ್ಲ, ಮೊದಲು ಎರಡೇ ಜನ ಗೊಣಗುತ್ತಾರೆ, ಆಮೇಲೆ ಇಡೀ ಹಡಗು ಕೂಗುತ್ತದೆ. ಅಲ್ಲಿ ನಿಲ್ಲಿಸಿ ಮತ್ತೆ ಹಿಂದಕ್ಕೆ ಹಾಕಿ ನೋಡಿದೆ.


ಮಾಂಟ್ರಿಯಲ್ ಮಾವ
ಭಾನುವಾರ ರಾತ್ರಿ 11:55

ಅದು ಬರೆದದ್ದಲ್ಲಮ್ಮ. ಅಷ್ಟು ಸಲ ಹೇಳಿಸಿದ್ದು ನಟ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಅಲ್ಲೇ ಹೊಳೆದು ಮಾಡಿದ್ದು. ಎದುರಿಗಿದ್ದವರು ಏನು ಮಾಡುವುದು ಎಂದು ಗೊತ್ತಾಗದೆ ಕೂಗಿದರು. ನಿನ್ನ ಅಜ್ಜ ಇದ್ದಿದ್ದರೆ ಒಪ್ಪುತ್ತಿದ್ದರು.


ಮಲೆನಾಡ ಹುಡುಗಿ
ಸೋಮವಾರ ಬೆಳಗಿನ ಜಾವ 1:02

'33' ಮುಗಿಯಿತು. ನಾಳೆ ಕೆಲಸ ಇದೆ, ನಿದ್ದೆ ಬರುತ್ತಿಲ್ಲ.

ಹಳೇಹಡಗು ಅಣ್ಣಾ, ಬೋರ್ಡ್ ಏನಾಗುತ್ತದೆ ಎಂದು ಹೇಳದೇ ಇದ್ದದ್ದಕ್ಕೆ ಥ್ಯಾಂಕ್ಸ್. ಸಂಖ್ಯೆ ಕಡಿಮೆ ಆಗುತ್ತದೆ ಎಂದೇ ಕಾಯುತ್ತಿದ್ದೆ. ಒಂದು ಹಡಗಿನಲ್ಲಿ ಮಗು ಹುಟ್ಟಿದೆ ಎಂದು ಬಂದು ಹೇಳುತ್ತಾರೆ. ರೋಸ್ಲಿನ್ ಎದ್ದು ಹೋಗಿ ಕೊನೆಯ ಅಂಕೆ ಒರೆಸಿ 47,973 ಎಂದು ಮಾಡುತ್ತಾರೆ. ಒಂದು ಜಾಸ್ತಿ.


ಹಳೇಹಡಗು
ಸೋಮವಾರ ಬೆಳಗಿನ ಜಾವ 1:06

ನನಗೂ ನಿದ್ದೆ ಬಂದಿಲ್ಲ. ನೀನು ಏನು ಬರೆಯುತ್ತೀಯ ಎಂದು ಕಾಯುತ್ತಾ ಕೂತಿದ್ದೆ.


ಚಿಕ್ಕಪೇಟೆ ಸೈಲಾನ್
ಸೋಮವಾರ ಬೆಳಗಿನ ಜಾವ 1:09

ಮುಂದಿನ ಕಂತಿನಲ್ಲಿ ನೀರಿನ ಟ್ಯಾಂಕ್ ಒಡೆಯುತ್ತದೆ. ನಮ್ಮ ಅಪಾರ್ಟ್‌ಮೆಂಟಿನವರಿಗೆ ತೋರಿಸಿದ್ದೆ. ಇದರಲ್ಲಿ ಸೈನ್ಸ್ ಫಿಕ್ಷನ್ ಎಲ್ಲಿದೆ, ಇವರು ಟ್ಯಾಂಕರ್‌ನವನಿಗೆ ಯಾಕೆ ಫೋನ್ ಮಾಡಲಿಲ್ಲ ಎಂದು ಕೇಳಿದರು.